ಉಳುಕು ಎಂದುಕೊಳ್ಳುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ವರ್ಷ ದಾವಣಗೆರೆಯ ನನ್ನ ಚಿಕಿತ್ಸಾಲಯಕ್ಕೆ 11 ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಖೋ-ಖೋ ಆಡುವಾಗ ಡೈವ್ ಹೊಡೆದು, ಅಂಗೈ ಊರಿ ಬಿದ್ದಿದ್ದಳು. ಮನೆಯವರು ಉಳುಕು ಎಂದುಕೊಂಡು ಎಣ್ಣೆ ಹಾಕಿ ನೀವಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿಸಿದ್ದರು. ನನ್ನ ಬಳಿ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು.

ನಮ್ಮ ರೈತರಿಗೆ ಮೆಕ್ಕೆಜೋಳದ ಸ್ವಭಾವ ಗೊತ್ತು. ದಂಟು ಸರಸರನೆ ಏರುವ ದಿನಗಳಲ್ಲಿ ಜೋರು ಗಾಳಿ ಬೀಸಿದರೆ ಅದು ಮುರಿಯುವುದು ಗೆಣ್ಣಿನಲ್ಲಿ. ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿಯೂ ಅಂಥದೇ ಎಳೆಯ ಜಾಗವಿದೆ. ಮೃದ್ವಸ್ಥಿಯ ಆ ತೆಳು ಪದರವನ್ನು ಬೆಳವಣಿಗೆಯ ಫಲಕ ಎನ್ನುತ್ತೇವೆ. ಮೂಳೆ ಉದ್ದವಾಗುವುದು ಅಲ್ಲಿಂದ. ಕೀಲನ್ನು ಹಿಡಿದಿಡುವ ಅಸ್ಥಿರಜ್ಜು ಅದಕ್ಕಿಂತ ಗಟ್ಟಿ. ಹಾಗಾಗಿ ದೊಡ್ಡವರಲ್ಲಿ ರಜ್ಜು ಹರಿಯುವಂಥ ಪೆಟ್ಟಿಗೆ ಮಕ್ಕಳಲ್ಲಿ ಈ ಫಲಕವೇ ಬಿರಿಯಬಹುದು. ಹುಡುಗಿಯರಲ್ಲಿ ಸುಮಾರು 13ರಿಂದ 15, ಹುಡುಗರಲ್ಲಿ 15ರಿಂದ 17 ವರ್ಷದ ಹೊತ್ತಿಗೆ ಹೆಚ್ಚಿನ ಫಲಕಗಳು ಮೂಳೆಯಾಗಿ ಮುಚ್ಚಿಕೊಳ್ಳುತ್ತವೆ.

ಎಕ್ಸ್‌ರೇಯಲ್ಲಿ ಈ ಗಾಯ ಕೆಲವೊಮ್ಮೆ ಕಾಣುವುದೇ ಇಲ್ಲ. ಕೀಲಿನ ಪಕ್ಕದ ಮೂಳೆಯ ಮೇಲೆ ಬೆರಳಿಟ್ಟಾಗ ಮಗು ಚೀರಿದರೆ ಆ ಚೀರಾಟವನ್ನು ನಾನು ನಂಬುತ್ತೇನೆ. ದಯವಿಟ್ಟು ನೀವಬೇಡಿ, ಎಳೆಯಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಿ. ಕೈಯನ್ನು ಅಲುಗದಂತೆ ಜೋಳಿಗೆ ಕಟ್ಟಿ, ಅದೇ ದಿನ ಮೂಳೆ ವೈದ್ಯರಿಗೆ ತೋರಿಸಿ. ಬಿಗಿದ ಕಟ್ಟಿನಿಂದ ಬೆರಳು ಜೋಮು ಹಿಡಿದರೆ, ಬಣ್ಣಗೆಟ್ಟರೆ, ನೋವು ಏರುತ್ತಲೇ ಹೋದರೆ ಆ ಕ್ಷಣವೇ ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಿ. ರಕ್ತಸಂಚಾರ ನಿಂತರೆ ಸ್ನಾಯುಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ.

ಬೀಳದೆಯೂ ಗಾಯವಾಗುತ್ತದೆ. ವೇಗದ ಬೌಲರ್ ವಿನಯ್ ಕುಮಾರ್ ಹುಟ್ಟಿದ ಊರು ಇದು. ಅವರಂತೆ ಚೆಂಡೆಸೆಯುವ ಆಸೆ ಇಲ್ಲಿನ ಹುಡುಗರಿಗೆ ಸಹಜ. ಆದರೆ ಬೌಲಿಂಗ್ ಮಾಡುವ ಹುಡುಗ ಸೊಂಟವನ್ನು ಹಿಂದಕ್ಕೆ ಬಾಗಿಸಿದಾಗ ನೋವೆಂದರೆ ಬೆನ್ನೆಲುಬಿನಲ್ಲಿ ಸಣ್ಣ ಬಿರುಕಿರಬಹುದು. ಓಡಿ ಜಿಗಿಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ ನೋಯುವ ಗಂಟು ಏಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಆಟ ತಗ್ಗಿಸಿ, ತೊಡೆಯ ಸ್ನಾಯು ಸಡಿಲಿಸುವ ವ್ಯಾಯಾಮ ಮಾಡಿದರೆ ಸಾಕು. ನಿದ್ದೆಯಿಂದ ಎಬ್ಬಿಸುವ ನೋವನ್ನು ಮಾತ್ರ ಬೆಳೆಯುವ ವಯಸ್ಸಿನ ನೋವೆಂದು ಬಿಡಬೇಡಿ, ತಪಾಸಣೆ ಮಾಡಿಸಿ. ತಲೆಗೆ ಪೆಟ್ಟಾಗಿ ಮಂಕಾದ ಮಗುವನ್ನು ಆ ದಿನ ಮತ್ತೆ ಮೈದಾನಕ್ಕೆ ಇಳಿಸಲೇಬೇಡಿ.

ಆ ಹುಡುಗಿಯ ಮುಂಗೈ ಮೂಳೆ ಸರಿದ ಜಾಗದಲ್ಲೇ ಕೂಡಿಕೊಂಡಿತ್ತು. ವಾರ, ಹತ್ತು ದಿನ ದಾಟಿದ ಮೇಲೆ ಎಳೆದು ಕೂರಿಸಲು ಹೋದರೆ ಫಲಕಕ್ಕೇ ಘಾಸಿಯಾಗುತ್ತದೆ. ಅದಕ್ಕೇ ನಾನು ಕೈ ಹಾಕಲಿಲ್ಲ. ಬೆಳೆಯುವ ಮೂಳೆ ಬಾಗನ್ನು ತಾನೇ ತಿದ್ದಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ಬರುತ್ತಾಳೆ. ಎರಡೂ ಮುಂಗೈಗಳನ್ನು ಮೇಜಿನ ಮೇಲೆ ಜೋಡಿಸಿ ಅಳೆಯುತ್ತೇನೆ. ಪಕ್ಕದಲ್ಲಿ ಅವಳ ತಾಯಿ ಉಸಿರು ಬಿಗಿಹಿಡಿದು ಟೇಪನ್ನೇ ನೋಡುತ್ತಿರುತ್ತಾರೆ.