ಕೇಳದೆ ಮೈ ಮುಟ್ಟಬೇಡಿ

ನಮಸ್ಕಾರ. ಯೋಗ ಹೇಳಿಕೊಡುವ ನನ್ನಂಥವರಿಗೆ ಇವತ್ತು ಒಂದೇ ಮಾತು ಹೇಳಬೇಕು. ಕ್ಲಾಸಿನಲ್ಲಿ ಯಾರ ಮೈಯನ್ನೂ ಕೇಳದೆ ಮುಟ್ಟಬೇಡಿ.

ನಾನೂ ಮುಟ್ಟುತ್ತಿದ್ದೆ. ಧಾರವಾಡದಲ್ಲಿ ನನ್ನ ಬೆಳಗಿನ ಬ್ಯಾಚು. ಕೊನೆಗೆ ಶವಾಸನ. ಲೈಟ್ ಆರಿಸಿ ಬಾಗಿಲು ಮುಂದೆ ಮಾಡಿದ್ದೆ. ಜಮಖಾನದ ಮೇಲೆ ಮಲಗಿದ್ದ ಅಕ್ಕ ಒಬ್ಬರ ಭುಜ ಬಿಗಿದುಕೊಂಡಿತ್ತು. ಸಡಿಲಾಗಲಿ ಅಂತ ತಲೆಯ ಕಡೆಯಿಂದ ಹೋಗಿ ಒತ್ತಿದೆ. ಅವರು ದಡಕ್ಕನೆ ಎದ್ದು ಕೂತರು. ಜಮಖಾನದ ಅಂಚು ಮುಷ್ಟಿಯಲ್ಲಿತ್ತು, ಎಷ್ಟು ಹೊತ್ತಾದರೂ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಮೆಲ್ಲಗೆ ಅಂದರು: "ಕಣ್ಣ ಮುಚ್ಚಿದಾಗ ಯಾರರ ಮುಟ್ಟಿದ್ರ ನನಗ ತಡಕೊಳ್ಳಾಕ ಆಗಂಗಿಲ್ರಿ."

ಯಾಕೆ ಅಂತ ನಾನು ಕೇಳಲಿಲ್ಲ. ಕೇಳಲೂಬಾರದು. ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

2019ರ ಮಾರ್ಚ್‌ನಲ್ಲಿ ಕುಮಾರೇಶ್ವರ ನಗರದ ಕಟ್ಟಡ ಕುಸಿದಾಗ ಅವಶೇಷದಡಿ ಸಿಕ್ಕು ಬದುಕಿ ಬಂದವರು ನಮ್ಮೂರಲ್ಲೇ ಇದ್ದಾರೆ. ಮನೆಯೊಳಗೆ ಹೊಡೆತ ತಿಂದವರು ಇನ್ನೆಷ್ಟೋ. ಅಂಥವರಿಗೆ ಕತ್ತಲೆ ಕೋಣೆ, ಮುಚ್ಚಿದ ಬಾಗಿಲು, "ಉಸಿರು ಹಿಡೀರಿ, ಬಿಡಬೇಡಿ" ಅನ್ನೋ ಆರ್ಡರ್ ನೆಮ್ಮದಿ ಕೊಡುತ್ತಾ?

ಹಾಗಂತ ಯೋಗ ಅವರಿಗಲ್ಲ ಅಂತಲ್ಲ. ಅಮೆರಿಕದಲ್ಲಿ ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಅವರ ತಂಡ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ ಇದ್ದು, ಚಿಕಿತ್ಸೆಯಿಂದಲೂ ಗುಣವಾಗದ 64 ಮಹಿಳೆಯರು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಆರೋಗ್ಯದ ಪಾಠ, ವಾರಕ್ಕೆ ಒಂದು ತಾಸು, 10 ವಾರ. ಕೊನೆಗೆ ಯೋಗ ಮಾಡಿದವರಲ್ಲಿ 52% ಜನ ಆ ಕಾಯಿಲೆಯ ಅಳತೆಯಿಂದ ಹೊರಗೆ ಬಂದಿದ್ದರು. ಆರೋಗ್ಯದ ಪಾಠ ಕೇಳಿದ ಗುಂಪಿನಲ್ಲಿ 21%. ಆದರೆ ಅಲ್ಲಿ ನಡೆದದ್ದು ಬೇರೆ ಥರದ ಯೋಗ. ಆಯ್ಕೆಯನ್ನು ಯೋಗ ಮಾಡುವವರಿಗೇ ಬಿಟ್ಟ ಯೋಗ.

ನಾನೀಗ "ಕೈ ಎತ್ತಿ" ಅನ್ನುವ ಬದಲು "ಬೇಕೆನಿಸಿದರೆ ಕೈ ಎತ್ತಿ, ಸಾಕೆನಿಸಿದಾಗ ಇಳಿಸಿ" ಅನ್ನುತ್ತೇನೆ. ಯಾರ ಬೆನ್ನ ಹಿಂದೆಯೂ ಓಡಾಡುವುದಿಲ್ಲ. ಲೈಟ್ ಆರಿಸುವುದಿಲ್ಲ. ಉಸಿರು ಹಿಡಿಯುವ ಕುಂಭಕ, ಜೋರಾಗಿ ಉಸಿರಾಡುವ ಭಸ್ತ್ರಿಕಕ್ಕೆ ಒತ್ತಾಯವಿಲ್ಲ. ಆ ಅಕ್ಕ ಬಾಗಿಲ ಪಕ್ಕ ಗೋಡೆಗೆ ಒರಗಿ, ಕಣ್ಣು ಬಿಟ್ಟುಕೊಂಡೇ ಶವಾಸನದ ಹೊತ್ತು ಕಳೆಯುತ್ತಾರೆ.

ಹೀಗಾದರೆ ಶಿಸ್ತು ಎಲ್ಲಿ ಉಳೀತು ಅಂತ ಹಿರಿಯರು ಕೇಳುತ್ತಾರೆ. ಸ್ವಾಮಿ, ತನ್ನ ಮೈ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವುದಕ್ಕಿಂತ ದೊಡ್ಡ ಶಿಸ್ತು ಯಾವುದು?

ಇನ್ನೊಂದು. ನಾವು ಡಾಕ್ಟರಲ್ಲ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಆ ನಂಬರನ್ನು ಚಪ್ಪಲಿ ಬಿಡುವ ಜಾಗದ ಗೋಡೆಗೆ ಅಂಟಿಸಿದ್ದೇನೆ. ನೀವೂ ಅಂಟಿಸಿ.