ಹಾಡಿನಿಂದ ಬಿಟ್ಟುಹೋದ ನಾಲ್ಕು ಸಾಲು

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಆಮಂತ್ರಣ ಪತ್ರಿಕೆಯ ಮೇಲೆ ಒಂದು ತಕರಾರು. ನನ್ನ ಹೆಸರಿನ ಮುಂದೆ 'ಡಾ.' ಎಂದು ಅಚ್ಚು ಹಾಕಿಸಿದ್ದೀರಿ. ನಾನು ಆ ಪದವಿ ಪಡೆದವನಲ್ಲ. ಇರಲಿ, ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದಿಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿ 'ರಷ್ಯನ್ ಕವಿ ರಸೂಲ್ ಗಮ್ಜಾತೊವ್' ಎಂದಿದೆ. ಅದನ್ನು ಮಾತ್ರ ಒಪ್ಪಲಾರೆ. ಬರೆದುಕೊಂಡು ತಂದ ಭಾಷಣವನ್ನು ಬದಿಗಿಟ್ಟು ಈ ಎರಡು ಪದಗಳ ಜೊತೆಗೇ ಜಗಳ ಆಡೋಣ ಅನ್ನಿಸುತ್ತಿದೆ.

ರಸೂಲ್ ಬರೆದದ್ದು ಅವಾರ್ ಭಾಷೆಯಲ್ಲಿ. ಕಾಕಸಸ್ ಪರ್ವತದ ಪೂರ್ವಕ್ಕೆ, ಕ್ಯಾಸ್ಪಿಯನ್ ಸಮುದ್ರದ ದಂಡೆಗೆ ದಾಗೆಸ್ತಾನ್ ಇದೆ. ನಮ್ಮ ಕರ್ನಾಟಕದ ಕಾಲುಭಾಗದಷ್ಟು ನೆಲ, ಅದರೊಳಗೆ ಮೂವತ್ತಕ್ಕೂ ಹೆಚ್ಚು ಭಾಷೆಗಳು. ಅರಬ್ಬೀ ಬರಹಗಾರರು ಸಾವಿರ ವರ್ಷದ ಹಿಂದೆಯೇ ಆ ಪರ್ವತಗಳಿಗೆ 'ನಾಲಗೆಗಳ ಬೆಟ್ಟ' ಎಂದು ಹೆಸರಿಟ್ಟಿದ್ದರು. ಅಲ್ಲಿಯವರು ಒಂದು ಕತೆ ಹೇಳುತ್ತಾರೆ: ಲೋಕಕ್ಕೆಲ್ಲ ಭಾಷೆ ಹಂಚುತ್ತ ಬಂದ ದೇವದೂತನ ಚೀಲ ದಾಗೆಸ್ತಾನದ ಕಲ್ಲಿಗೆ ಸಿಕ್ಕಿ ಹರಿಯಿತಂತೆ, ಉಳಿದದ್ದೆಲ್ಲ ಅಲ್ಲೇ ಚೆಲ್ಲಿತಂತೆ. ಒಂದು ಕಣಿವೆಯ ಮಾತು ಪಕ್ಕದ ಕಣಿವೆಗೆ ತಿಳಿಯದು. ಆ ಗದ್ದಲದಲ್ಲಿ ಅವಾರ್ ದೊಡ್ಡ ಭಾಷೆ. ದೊಡ್ಡದು ಎಂದರೆ ಎಷ್ಟು? ಇಂದಿಗೂ ಹತ್ತು ಲಕ್ಷದ ಆಸುಪಾಸು. ಆತ ಬರೆಯಲು ಶುರುಮಾಡಿದಾಗ ಇನ್ನೂ ಎಷ್ಟೋ ಕಡಿಮೆ.

ಅವರು ಹುಟ್ಟಿದ್ದು 1923ರ ಸೆಪ್ಟೆಂಬರ್ 8ರಂದು, ಖುಂಜಾಖ್ ಪ್ರಸ್ಥಭೂಮಿಯ ತ್ಸಾದಾ ಎಂಬ ಹಳ್ಳಿಯಲ್ಲಿ. ತಂದೆ ಗಮ್ಜಾತ್. ನಮ್ಮಲ್ಲಿ ಊರಿನ ಹೆಸರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ಹಾಗೆ ಅವರು ಹಿಂದೆ ಇಟ್ಟುಕೊಂಡರು: ಗಮ್ಜಾತ್ ತ್ಸಾದಾಸಾ, ತ್ಸಾದಾದ ಗಮ್ಜಾತ್. ಎಳವೆಯಲ್ಲೇ ಅನಾಥ, ಮದರಸಾದಲ್ಲಿ ಓದಿದವರು. 1891ರಲ್ಲಿ 'ಅಲಿಬೆಕನ ನಾಯಿ' ಎಂಬ ಅಣಕು ಪದ್ಯ ಬರೆದು ಊರನ್ನೇ ನಗಿಸಿದರು. ಆಮೇಲೆ ಅವಾರರ ಮನೆಮಾತಾದರು, ಪುಷ್ಕಿನ್‌ನನ್ನು ಅವಾರ್‌ಗೆ ತಂದರು.

ಮನೆಯಲ್ಲಿ ಇಂಥ ಅಪ್ಪನಿದ್ದರೆ ಮಗನ ಪಾಡೇನು? ಇದು ನನಗೆ ಬಹಳ ಪ್ರಿಯವಾದ ಪ್ರಸಂಗ, ರಸೂಲ್ ತಾವೇ ಹೇಳಿಕೊಂಡದ್ದು. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಕ್ಷಮಿಸಬೇಕು. ಹುಡುಗ ಪದ್ಯ ಬರೆಯತೊಡಗಿದ. ಮೊದಲ ಪದ್ಯ ಬೆಟ್ಟಕ್ಕೆ ಬಂದಿಳಿದ ಮೊದಲ ವಿಮಾನದ ಮೇಲೆ, ಅದನ್ನು ನೋಡಲು ಓಡಿದ ಮಕ್ಕಳ ಮೇಲೆ. ಮುಂದೆ ಪತ್ರಿಕೆಗಳಲ್ಲಿ ಪದ್ಯಗಳು ಬರತೊಡಗಿದಾಗ ಕೆಳಗೆ ಏನೆಂದು ಸಹಿ ಹಾಕುವುದು? ಅಪ್ಪನ ಹಾಗೆಯೇ 'ತ್ಸಾದಾಸಾ' ಎಂದು ಹಾಕಿದ. ತಪ್ಪೇನು, ಅವನದ್ದೂ ಅದೇ ಊರಲ್ಲವೇ? ಒಂದು ದಿನ ಬೆಟ್ಟದ ಕಡೆಯ ಮನುಷ್ಯನೊಬ್ಬ ಎದುರಾದ. ಕುಶಲ ವಿಚಾರಿಸಿದ. ಆಮೇಲೆ ಕಳವಳದಿಂದ ಕೇಳಿದ: ನಿನ್ನ ತಂದೆಯವರಿಗೆ ಏನಾಗಿದೆಯಪ್ಪಾ? ಮೊದಲೆಲ್ಲ ಅವರ ಪದ್ಯ ಒಂದು ಸಲ ಓದಿದರೆ ಬಾಯಿಪಾಠ ಆಗುತ್ತಿತ್ತು. ಈಗ ಓದಿದರೆ ಅರ್ಥವೇ ಆಗುವುದಿಲ್ಲ!

ಅಪ್ಪನ ಆರೋಗ್ಯದ ಬಗ್ಗೆ ಊರಿಗೇ ಚಿಂತೆ. ಕಾರಣ ಮಗನ ಕವಿತೆ. ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಇಬ್ಬರು ವಿಮರ್ಶಕರು ಕುಳಿತಿದ್ದಾರೆ, ಬರೆದುಕೊಳ್ಳಬಹುದು. ಆ ದಿನವೇ ಹುಡುಗ ಊರಿನ ಹೆಸರನ್ನು ಅಪ್ಪನಿಗೆ ಬಿಟ್ಟುಕೊಟ್ಟು ಅಪ್ಪನ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡ. ಗಮ್ಜಾತನ ಮಗ, ಗಮ್ಜಾತೊವ್. ಕೊನೆಯ ಆ 'ಒವ್' ಮಾತ್ರ ರಷ್ಯನ್ನರದು. ಆಮಂತ್ರಣ ಪತ್ರಿಕೆ ಬರೆದವರು ಬಹುಶಃ ಅದನ್ನು ನೋಡಿ ಮೋಸಹೋಗಿದ್ದಾರೆ. ಉರ್ದುವಿಗೆ ಇವರ ಪದ್ಯಗಳನ್ನು ತಂದ ಫೈಜ್ ಅಹ್ಮದ್ ಫೈಜ್ ಆ ಬಾಲವನ್ನು ಕತ್ತರಿಸಿ 'ರಸೂಲ್ ಹಂಜಾ' ಎಂದೇ ಕರೆದರು. ಫೈಜ್‌ಗೆ ತಿಳಿದಿತ್ತು.

ಲಿಪಿಯ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಅವಾರ್ ಬರೆಯುತ್ತಿದ್ದದ್ದು ಅರಬ್ಬೀ ಅಕ್ಷರದಲ್ಲಿ. 1928ರಲ್ಲಿ ಸೋವಿಯತ್ ಸರ್ಕಾರ ಲ್ಯಾಟಿನ್ ತಂದಿತು. ಹತ್ತು ವರ್ಷ ಕಳೆಯುವುದರೊಳಗೆ, 1938ರಲ್ಲಿ, ಅದನ್ನೂ ತೆಗೆದು ಸಿರಿಲಿಕ್ ತಂದಿತು. ಮಗ ಶಾಲೆಯಲ್ಲಿ ಕಲಿತ ಅಕ್ಷರ ಶಾಲೆ ಮುಗಿಯುವ ಹೊತ್ತಿಗೆ ಹಳತಾಗಿತ್ತು. ಅವಾರ್‌ನ ಗಂಟಲಿನ ದನಿಗಳಿಗೆ ರಷ್ಯನ್ ಅಕ್ಷರಗಳು ಸಾಲಲಿಲ್ಲ. ಅದಕ್ಕೆ ಅಕ್ಷರದ ಪಕ್ಕದಲ್ಲಿ ನೆಟ್ಟಗೆ ಒಂದು ಗೀಟು ಎಳೆದರು. ಅದರ ಹೆಸರು 'ಪಾಲೋಚ್ಕಾ', ಪುಟ್ಟ ಕಡ್ಡಿ. ಕೀಲಿಮಣೆಯಲ್ಲಿ ಅದು ಸಿಗದೆ ಇಂದಿಗೂ ಎಷ್ಟೋ ಜನ ಅದರ ಬದಲು ಒಂದು ಎಂಬ ಅಂಕಿಯನ್ನು ಒತ್ತುತ್ತಾರೆ. ತ್ಸಾದಾ ಎಂಬ ಹೆಸರಿನಲ್ಲೂ ಆ ಕಡ್ಡಿ ಇದೆ. ನಾನು ಈಗ 'ತ್ಸಾ' ಎಂದೆನಲ್ಲ, ಅದು ತಪ್ಪು ಉಚ್ಚಾರಣೆ. ಸರಿಯಾದದ್ದನ್ನು ಹೇಳಲು ನನ್ನ ಗಂಟಲು ಒಪ್ಪುವುದಿಲ್ಲ.

ರಸೂಲ್ ಬುಯ್ನಾಕ್ಸ್ಕ್ ಪಟ್ಟಣದಲ್ಲಿ ಮೇಷ್ಟರ ತರಬೇತಿ ಪಡೆದರು, ಪಾಠ ಹೇಳಿದರು, ನಾಟಕ ತಂಡದಲ್ಲಿದ್ದರು, ಪತ್ರಿಕೆಯಲ್ಲಿ ದುಡಿದರು. ಎರಡನೆಯ ಮಹಾಯುದ್ಧದಲ್ಲಿ ಇಬ್ಬರು ಅಣ್ಣಂದಿರನ್ನು ಕಳೆದುಕೊಂಡರು. 1943ರಲ್ಲಿ ಮೊದಲ ಸಂಕಲನ. ಯಾವ ಭಾಷೆಯಲ್ಲಿ? ಅವಾರ್‌ನಲ್ಲಿ! 1945ರಲ್ಲಿ ಮಾಸ್ಕೋದ ಗೋರ್ಕಿ ಸಾಹಿತ್ಯ ಸಂಸ್ಥೆಗೆ ಸೇರಿದರು. ಅಲ್ಲಿ ಸಿಕ್ಕ ಗೆಳೆಯರಲ್ಲಿ ನಾವುಮ್ ಗ್ರೆಬ್ನೆವ್, ಯಾಕೊವ್ ಕೊಜ್ಲೊವ್ಸ್ಕಿ ಎಂಬ ಇಬ್ಬರನ್ನು ನೆನಪಿಡಿ. ಇಬ್ಬರೂ ಯುದ್ಧದಿಂದ ಮರಳಿದವರು, ಇಬ್ಬರಿಗೂ ಅವಾರ್ ಬಾರದು. ರಸೂಲ್ ತಮ್ಮ ಪದ್ಯದ ಪದಕ್ಕೆ ಪದ ಇಟ್ಟ ಒಣ ರಷ್ಯನ್ ಅರ್ಥವನ್ನು ಕೊಡುತ್ತಿದ್ದರು. ಅದಕ್ಕೆ ಇವರು ಛಂದಸ್ಸು, ಪ್ರಾಸ, ಜೀವ ಕೊಡುತ್ತಿದ್ದರು. ಗದ್ಯವನ್ನು ವ್ಲಾದಿಮಿರ್ ಸೊಲೊಉಖಿನ್ ತಂದರು. ರಸೂಲರ ಗದ್ಯ ಪುಸ್ತಕ 'ನನ್ನ ದಾಗೆಸ್ತಾನ್' ಲೋಕ ಸುತ್ತಿದ್ದು ಸೊಲೊಉಖಿನ್ ರಷ್ಯನ್ನಿನ ಮೂಲಕ. 'ಗಮ್ಜಾತೊವ್‌ನನ್ನು ಸೃಷ್ಟಿಸಿದವರು ಅನುವಾದಕರು' ಎಂದು ಮಾಸ್ಕೋದಲ್ಲಿ ಚುಚ್ಚಿ ಮಾತಾಡುವವರಿದ್ದರು. ಚುಚ್ಚಿದವರು ಒಂದನ್ನು ಮರೆತರು. ಐದು ವರ್ಷ ಮಾಸ್ಕೋದಲ್ಲಿ ಓದಿದ ಮನುಷ್ಯ ರಷ್ಯನ್ನಿನಲ್ಲೇ ಬರೆಯಬಹುದಿತ್ತು. ಹಣ, ಹೆಸರು, ಓದುಗರು ಎಲ್ಲವೂ ಅಲ್ಲಿಯೇ ಇದ್ದವು. ಆದರೂ ಬರೆಯಲಿಲ್ಲ. ಕೊನೆಯವರೆಗೂ ಕವಿತೆಯನ್ನು ಅವಾರ್‌ನಲ್ಲೇ ಬರೆದು ಇನ್ನೊಬ್ಬರ ಕೈಗೆ ಒಪ್ಪಿಸಿದರು.

ಆ ಪುಸ್ತಕದಲ್ಲಿ ಬರುವ, ಪ್ಯಾರಿಸ್‌ನಲ್ಲಿ ನೆಲೆಸಿದ ಚಿತ್ರಕಾರನ ಕತೆಯನ್ನು ಬೇಕೆಂದೇ ಹೇಳುತ್ತಿಲ್ಲ. ಮಗ ಅವಾರ್ ಮಾತಾಡಲಿಲ್ಲ ಎಂದು ತಿಳಿದ ತಾಯಿ ಮುಖಕ್ಕೆ ಕರಿಯ ಮುಸುಕು ಎಳೆದುಕೊಳ್ಳುತ್ತಾಳಲ್ಲ, ಅದು. ನವೆಂಬರ್ ತಿಂಗಳಿನಲ್ಲಿ ನೀವು ಅದನ್ನು ಬೇಕಾದಷ್ಟು ಸಲ ಕೇಳಿರುತ್ತೀರಿ. ಅದನ್ನು ಹೇಳಿ ಕಣ್ಣೊರೆಸಿಕೊಳ್ಳುವ ನಮ್ಮ ಭಾಷಣಕಾರರೇ ಆ ತಾಯಿಯ ಭಾಷೆ ರಷ್ಯನ್ ಎಂದುಕೊಂಡಿರುತ್ತಾರೆ.

ಈಗ ಅವರ 'ಕೊಕ್ಕರೆಗಳು' ಪದ್ಯ. ರಷ್ಯನ್ ಹೆಸರು 'ಝುರಾವ್ಲಿ'. ಕೊಕ್ಕರೆ ಎಂದರೆ ನಮಗೆ ಕೆರೆಯಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತ ಕಪಟಿ. ಕ್ರೌಂಚ ಎನ್ನೋಣವೆಂದರೆ ವಾಲ್ಮೀಕಿ ಎದ್ದುಬರುತ್ತಾನೆ. ಬಂದರೂ ತಪ್ಪಿಲ್ಲ, ಇದೂ ಶೋಕವೇ ಶ್ಲೋಕವಾದ ಪ್ರಸಂಗ. 1965ರಲ್ಲಿ ರಸೂಲ್ ಹಿರೋಷಿಮಾಗೆ ಹೋಗಿದ್ದರು. ಅಲ್ಲಿ ಸದಾಕೋ ಸಸಾಕಿಯ ಸ್ಮಾರಕವಿದೆ. ಬಾಂಬಿನ ವಿಕಿರಣ ತಾಗಿ ಹನ್ನೆರಡರ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಹುಡುಗಿ. ಬದುಕುವ ಆಸೆಯಿಂದ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಗದದ ಕೊಕ್ಕರೆ ಮಡಿಚುತ್ತಿದ್ದವಳು. ಅದನ್ನು ನೋಡಿದ ರಸೂಲ್‌ಗೆ ಅಲ್ಲಿಯೇ ತಂತಿ ಬಂತು: ತಾಯಿ ಇನ್ನಿಲ್ಲ. ವಿಮಾನದಲ್ಲಿ ಮರಳುವಾಗ ತಾಯಿ, ಆ ಹುಡುಗಿ, ಸತ್ತ ಅಣ್ಣಂದಿರು ಎಲ್ಲರೂ ಕಲೆತುಹೋದರು. ಯುದ್ಧದಿಂದ ಮರಳದವರು ಮಣ್ಣಿಗೆ ಹೋಗಲಿಲ್ಲ, ಬಿಳಿಯ ಕೊಕ್ಕರೆಗಳಾದರು ಎಂಬ ಪದ್ಯ ಹುಟ್ಟಿದ್ದು ಹೀಗೆ. ಯಾವ ಭಾಷೆಯಲ್ಲಿ? (ಸಭೆಯಿಂದ: ಅವಾರ್!) ಸಂತೋಷ. ಇನ್ನು ನಾನು ಮನೆಗೆ ಹೋಗಬಹುದು.

ಗ್ರೆಬ್ನೆವ್ ಮಾಡಿದ ಅನುವಾದ 1968ರಲ್ಲಿ 'ನೋವಿ ಮೀರ್' ಪತ್ರಿಕೆಯಲ್ಲಿ ಬಂತು. ಅದು ನಟ, ಗಾಯಕ ಮಾರ್ಕ್ ಬೆರ್ನೆಸ್ ಕಣ್ಣಿಗೆ ಬಿತ್ತು. ಅನುವಾದದಲ್ಲಿ 'ಜಿಗೀತರು' ಎಂದಿತ್ತು, ಕಾಕಸಸ್‌ನ ಕುದುರೆ ಸವಾರರು, ವೀರರು. ಬೆರ್ನೆಸ್ ಹೇಳಿದರು: ಇದನ್ನು 'ಸೈನಿಕರು' ಎಂದು ಮಾಡಿ. ಒಂದೇ ಪದ. ಅದು ಬದಲಾದದ್ದೇ ತಡ, ಬೆಟ್ಟದ ಹುಡುಗರ ಹಾಡು ಆ ವಿಶಾಲ ದೇಶದ ಎಲ್ಲ ಮನೆಗಳ ಹಾಡಾಯಿತು. ರಸೂಲ್ ಒಪ್ಪಿದರು. ಸರಿಯಾಗಿಯೇ ಒಪ್ಪಿದರು, ಮಗನನ್ನು ಕಳೆದುಕೊಂಡ ತಾಯಿಗೆ ಜಿಗೀತ ಎಂದರೇನು, ಸೈನಿಕ ಎಂದರೇನು? ಯಾನ್ ಫ್ರೆಂಕೆಲ್ ರಾಗ ಹಾಕಿದರು. ಬೆರ್ನೆಸ್‌ಗೆ ಆಗ ಶ್ವಾಸಕೋಶದ ಕ್ಯಾನ್ಸರ್. 1969ರ ಜುಲೈ 8ರಂದು ಸ್ಟುಡಿಯೋಗೆ ಬಂದು ಹಾಡಿದರು. ದೊಡ್ಡ ಕಂಠವೇನಲ್ಲ, ಹಾಡುವುದಕ್ಕಿಂತ ಹೇಳುವ ದನಿ. ಗುಂಪು ಹಾರುತ್ತಿದೆ, ಆ ಸಾಲಿನ ನಡುವೆ ಸಣ್ಣದೊಂದು ಖಾಲಿ ಜಾಗವಿದೆ, ಬಹುಶಃ ಅದು ನನ್ನ ಜಾಗ ಎಂಬ ಮಾತು ಬರುತ್ತದಲ್ಲ, ಅದನ್ನು ಹಾಡುವವನಿಗೆ ತನ್ನ ಸ್ಥಿತಿ ತಿಳಿದಿತ್ತು. ಆಗಸ್ಟ್ 16ರಂದು ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಇದೇ ಹಾಡನ್ನು ಹಾಕಿದರು.

ಆದರೆ ಹಾಡಿಗಾಗಿ ಪದ್ಯವನ್ನು ಮೊಟಕು ಮಾಡಿದರು. ಬಿಟ್ಟುಹೋದ ಸಾಲುಗಳಲ್ಲಿ ಒಂದು ಚರಣದ ಅರ್ಥ ಇದು: ಕೊಕ್ಕರೆಗಳು ದೂರದ ದಾರಿ ಸಾಗುತ್ತ ಯಾರದೋ ಹೆಸರು ಹಿಡಿದು ಕೂಗುತ್ತಿವೆ; ಅವಾರರ ಮಾತು ಅನಾದಿಯಿಂದ ಕೊಕ್ಕರೆಯ ಕೂಗನ್ನು ಹೋಲುವುದು ಇದಕ್ಕೇ ಇರಬಹುದೇ?

ನೋಡಿ, ಇಡೀ ಪದ್ಯದಲ್ಲಿ 'ಅವಾರ್' ಎಂಬ ಪದ ಬರುವುದು ಆ ಒಂದೇ ಕಡೆ. ಅದೇ ಹೋಯಿತು. ರಾಗ ಹಾಕಿದವರಲ್ಲಿ ದುರುದ್ದೇಶ ಇರಲಿಲ್ಲ. ಹಾಡು ಉದ್ದವಾಗುತ್ತಿತ್ತು, ಅಷ್ಟೇ. ಕೋಟ್ಯಂತರ ಜನರ ಕಿವಿಗೆ ಆ ಹಾಡು ಬಿದ್ದಿದೆ; ಅದನ್ನು ಹೆತ್ತ ಭಾಷೆಯ ಹೆಸರು ಬಿದ್ದಿಲ್ಲ. ನಿಮ್ಮ ಆಮಂತ್ರಣ ಪತ್ರಿಕೆಯ ಮೇಲೆ ನನಗಿರುವ ಸಿಟ್ಟಿನ ಮೂಲ ಇದು.

ಒಂದು ಚೀಟಿ ಬಂದಿದೆ. 'ಹತ್ತು ನಿಮಿಷ'. ಆಗಲಿ. ಹಾಗಿದ್ದರೆ ಪ್ರೇಮಕವಿತೆಗಳನ್ನು ಬಿಡುತ್ತೇನೆ. ಎಂಟೆಂಟು ಸಾಲಿನ ಪದ್ಯಗಳನ್ನೂ, ಬಾಗಿಲು, ಕಠಾರಿ, ತೊಟ್ಟಿಲುಗಳ ಮೇಲಿನ ಬರಹದಂತೆ ಅವರು ಬರೆದ ಶಾಸನ ಪದ್ಯಗಳನ್ನೂ ಬಿಡಬೇಕು. ಆದರೆ ಒಂದನ್ನು ಬಿಟ್ಟರೆ ನಾನು ಹೊಗಳುಭಟ್ಟನಾಗುತ್ತೇನೆ.

ಇಮಾಮ್ ಶಮಿಲ್ ನಿಮಗೆ ಗೊತ್ತು. ರಷ್ಯದ ಚಕ್ರವರ್ತಿ ತ್ಸಾರ್‌ನ ಸೈನ್ಯದ ವಿರುದ್ಧ ಇಪ್ಪತ್ತೈದು ವರ್ಷ ಕಾದಾಡಿ, 1859ರ ಆಗಸ್ಟಿನಲ್ಲಿ ಗುನಿಬ್ ಬೆಟ್ಟದ ಮೇಲೆ ಶರಣಾದವನು. ಆತನೂ ಅವಾರ್. 1950ರಲ್ಲಿ ಸ್ಟಾಲಿನ್ ಆಡಳಿತಕ್ಕೆ ಇದ್ದಕ್ಕಿದ್ದಂತೆ ಶಮಿಲ್ ಬ್ರಿಟಿಷರ, ತುರ್ಕರ ಏಜೆಂಟನಾಗಿ ಕಂಡ. ಅಜರ್ಬೈಜಾನಿನ ಪಕ್ಷದ ನಾಯಕ ಬಾಗಿರೊವ್ ಲೇಖನ ಬರೆದ. ಶಮಿಲ್‌ನನ್ನು ಮೆಚ್ಚಿ ಬರೆದಿದ್ದ ಹೈದರ್ ಹುಸೇನೊವ್ ಎಂಬ ವಿದ್ವಾಂಸನಿಗೆ ಕೊಟ್ಟಿದ್ದ ಸ್ಟಾಲಿನ್ ಪ್ರಶಸ್ತಿಯನ್ನು ಕಿತ್ತುಕೊಂಡರು. ಆತ ಆತ್ಮಹತ್ಯೆ ಮಾಡಿಕೊಂಡ. ಆ ಹೊತ್ತಿನಲ್ಲಿ ನಮ್ಮ ಯುವಕವಿ ಶಮಿಲ್‌ನನ್ನು ಚೆಚೆನ್ ತೋಳ, ಇಂಗುಷ್ ಹಾವು ಎಂದು ಜರೆದು ಪದ್ಯ ಬರೆದರು. ಆಗ ನೆರೆಯ ಚೆಚೆನ್ನರೂ ಇಂಗುಷರೂ ಎಲ್ಲಿದ್ದರು? 1944ರಲ್ಲಿ ಅವರನ್ನು ಇಡೀ ಜನಾಂಗವಾಗಿ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟಿದ್ದರು. ಕೆಳಗೆ ಬಿದ್ದವರ ಮೇಲೆ ಬಿದ್ದ ಪದ್ಯ ಅದು. 1951ರಲ್ಲಿ ರಸೂಲ್ ದಾಗೆಸ್ತಾನದ ಲೇಖಕರ ಸಂಘದ ಮುಖ್ಯಸ್ಥರಾದರು. 1952ರಲ್ಲಿ ಅವರಿಗೂ ಸ್ಟಾಲಿನ್ ಪ್ರಶಸ್ತಿ ಬಂತು.

ಆಮೇಲೆ ನಾಚಿಕೆಪಟ್ಟರು. ಬಾಯಿಬಿಟ್ಟು ಹೇಳಿದರು, ಬರೆದರು, ಸಾಯುವವರೆಗೂ ಆ ಪದ್ಯ ಅವರನ್ನು ಬಿಡಲಿಲ್ಲ. 'ನನ್ನ ದಾಗೆಸ್ತಾನ್' ಪುಸ್ತಕದ ಬಾಗಿಲಲ್ಲೇ ಒಂದು ಮಾತಿದೆ: ಭೂತಕಾಲದ ಮೇಲೆ ನೀನು ಪಿಸ್ತೂಲು ಹಾರಿಸಿದರೆ ಭವಿಷ್ಯ ನಿನ್ನ ಮೇಲೆ ಫಿರಂಗಿ ಹಾರಿಸುತ್ತದೆ. ಅದನ್ನು ಅಬುತಾಲಿಬ್ ಎಂಬ ಹಿರಿಯ ಕವಿಯ ಬಾಯಲ್ಲಿ ಇಟ್ಟಿದ್ದಾರೆ. ನಾವೆಲ್ಲ ಅದನ್ನು ನಾಣ್ಣುಡಿಯ ಹಾಗೆ ಬಳಸುತ್ತೇವೆ. ನನಗಂತೂ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸುತ್ತದೆ. ಪಿಸ್ತೂಲು ಹಾರಿಸಿದವರು ರಸೂಲರೇ.

ಅಷ್ಟಾದರೂ ಪಾಠ ಪೂರ್ತಿ ಕಲಿಯಲಿಲ್ಲ. 1973ರ ಆಗಸ್ಟ್ 31ರ ಪಕ್ಷದ ಪತ್ರಿಕೆ 'ಪ್ರಾವ್ದಾ'ದಲ್ಲಿ, ಸರ್ಕಾರವನ್ನು ಟೀಕಿಸುತ್ತಿದ್ದ ವಿಜ್ಞಾನಿ ಸಖರೊವ್, ಕಾದಂಬರಿಕಾರ ಸೊಲ್ಜೆನಿತ್ಸಿನ್ ವಿರುದ್ಧ ಲೇಖಕರ ಪತ್ರವೊಂದು ಬಂತು. ಅದರ ಸಹಿಗಳಲ್ಲಿ ಇವರದ್ದೂ ಇದೆ. ಮರುವರ್ಷ ಸಮಾಜವಾದಿ ಶ್ರಮವೀರ ಎಂಬ ಬಿರುದು. ದೇಶದ ಸಂಸತ್ತಾದ ಸುಪ್ರೀಂ ಸೋವಿಯತ್ತಿನ ಅಧ್ಯಕ್ಷ ಮಂಡಳಿಯಲ್ಲಿ ಕುಳಿತಿದ್ದವರು, 1963ರ ಲೆನಿನ್ ಪ್ರಶಸ್ತಿ ಪಡೆದವರು. ಸಹಿ ಹಾಕುವುದಿಲ್ಲ ಎನ್ನಬಹುದಿತ್ತೇ? ಕಷ್ಟವಿತ್ತು, ಆದರೆ ಅನ್ನಬಹುದಿತ್ತು. ಅದೇ ಕುರ್ಚಿಯಿಂದ ಬೆಟ್ಟದ ಸಣ್ಣ ಭಾಷೆಗಳ ಪುಸ್ತಕಗಳಿಗೆ, ಶಾಲೆಗಳಿಗೆ ಅವರಿಂದ ಆಸರೆ ಸಿಕ್ಕಿತು ಎಂಬುದನ್ನೂ ಹೇಳಬೇಕು. ಎರಡನ್ನೂ ತಕ್ಕಡಿಗೆ ಹಾಕಿ ತೂಗಿ ಹೇಳು ಎಂದರೆ ನನ್ನಿಂದಾಗದು.

ಮತ್ತೊಂದು ಚೀಟಿ. ಇದರಲ್ಲಿ ನಿಮಿಷವನ್ನೇ ಬರೆದಿಲ್ಲ, ಬರೀ 'ದಯವಿಟ್ಟು' ಎಂದಿದೆ.

ಬೇಗ ಹೇಳುತ್ತೇನೆ. ಸೋವಿಯತ್ ದೇಶ ಒಡೆಯಿತು, ಅವರು ಲೇಖಕರ ಸಂಘದಲ್ಲೇ ಉಳಿದರು, ಒಟ್ಟು ಐವತ್ತೆರಡು ವರ್ಷ. 2003ರ ನವೆಂಬರ್ 3ರಂದು ಮಾಸ್ಕೋದಲ್ಲಿ ನಿಧನರಾದರು. ದಾಗೆಸ್ತಾನದ ರಾಜಧಾನಿ ಮಖಚ್ಕಲಾದಲ್ಲಿ, ತರ್ಕಿತಾವ್ ಬೆಟ್ಟದ ಬುಡದಲ್ಲಿ, ಹೆಂಡತಿ ಪಾತಿಮಾತ್ ಸಮಾಧಿಯ ಹತ್ತಿರವೇ ಮಣ್ಣು ಮಾಡಿದರು. ಬಿಳಿ ಕೊಕ್ಕರೆಗಳ ಸ್ಮಾರಕವನ್ನು 1986ರಲ್ಲಿ ಎಲ್ಲಿ ನಿಲ್ಲಿಸಿದರು ಗೊತ್ತೇ? ಗುನಿಬ್‌ನಲ್ಲಿ. ಶಮಿಲ್ ಶರಣಾದ ಅದೇ ಗುನಿಬ್. ಪ್ರತಿ ವರ್ಷ ಅಕ್ಟೋಬರ್ 22ಕ್ಕೆ ದಾಗೆಸ್ತಾನದಲ್ಲಿ ಬಿಳಿ ಕೊಕ್ಕರೆಗಳ ಹಬ್ಬ ಮಾಡುತ್ತಾರೆ, ಯುದ್ಧದಲ್ಲಿ ಮಡಿದವರ ನೆನಪಿಗೆ.

ಧ್ವನಿವರ್ಧಕದ ಹುಡುಗನಿಗೆ ಬೆರ್ನೆಸ್ ಹಾಡಿದ ಹಾಡನ್ನು ಮೊದಲೇ ಕೊಟ್ಟಿದ್ದೇನೆ. ರಷ್ಯನ್ ಬಾರದಿದ್ದರೂ ಪರವಾಗಿಲ್ಲ, ಕೇಳಿ. ಎರಡನೆಯ ಚರಣ ಮುಗಿದು 'ಲೆತೀತ್, ಲೆತೀತ್', ಅಂದರೆ ಹಾರುತ್ತಿದೆ, ಹಾರುತ್ತಿದೆ ಎಂಬ ಚರಣ ಶುರುವಾಗುತ್ತದಲ್ಲ, ಆ ಎರಡರ ನಡುವೆ ಕಿವಿ ಇಡಿ. ನಾನು ಹೇಳಿದ ನಾಲ್ಕು ಸಾಲು ಇದ್ದದ್ದು ಅಲ್ಲಿ. ಹಾಕಪ್ಪಾ.