ಹತ್ತಿರದ ಶಾಲೆ ಯಾರಿಗೆ ಹತ್ತಿರ? ಕಾಸರಗೋಡಿನಲ್ಲಿ ಶಾಲೆಯ ಗಡಿ ಮತ್ತು ಹೆತ್ತವರ ಆಯ್ಕೆ

ಮಾನ್ಯ ಅಧ್ಯಕ್ಷರೇ, ಪಂಚಾಯತು ಸದಸ್ಯರೇ, ಅಧ್ಯಾಪಕ ಬಂಧುಗಳೇ, ಮಕ್ಕಳ ಹೆತ್ತವರೇ,

ಒಂದು ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ತೀರ್ಮಾನಿಸುವ ಕ್ರಮ ಎಲ್ಲ ನಾಡುಗಳಲ್ಲೂ ಒಂದೇ ತೆರನಾಗಿಲ್ಲ. ಅಮೆರಿಕದ ಹೆಚ್ಚಿನ ಕಡೆಗಳಲ್ಲಿ ಶಾಲಾ ಜಿಲ್ಲೆಯ ಮಂಡಳಿ ನಕ್ಷೆಯ ಮೇಲೆ ಗೆರೆ ಎಳೆಯುತ್ತದೆ. ಮನೆಯ ವಿಳಾಸ ಯಾವ ಗೆರೆಯೊಳಗೆ ಬೀಳುತ್ತದೋ ಆ ಶಾಲೆಯೇ ಮಗುವಿನ ಶಾಲೆಯಾಗುತ್ತದೆ. ಈ ಕಟ್ಟನ್ನು ಸಡಿಲಿಸಲು ಮಿನ್ನೆಸೋಟ ರಾಜ್ಯವು 1988ರ ಹೊತ್ತಿಗೆ ಕಾನೂನು ಮಾಡಿ, ಮಕ್ಕಳು ತಮ್ಮ ಜಿಲ್ಲೆಯ ಆಚೆಗಿನ ಸರಕಾರಿ ಶಾಲೆಯನ್ನೂ ಸೇರಬಹುದೆಂದು ಹೇಳಿತು. ಅದೇ ವರ್ಷ ಇಂಗ್ಲೆಂಡಿನ ಶಿಕ್ಷಣ ಸುಧಾರಣಾ ಕಾಯ್ದೆಯೂ ಹೆತ್ತವರ ಆಯ್ಕೆಗೆ ಹೆಚ್ಚು ಎಡೆ ಮಾಡಿಕೊಟ್ಟಿತು. ನಮ್ಮ ಜಿಲ್ಲೆಯಲ್ಲಿ ಇಂಥ ಗೆರೆಯೇ ಇಲ್ಲ. ಮಂಜೇಶ್ವರದ ಮಗುವನ್ನು ಕುಂಬಳೆಯ ಶಾಲೆಗೆ ಸೇರಿಸಿದರೆ ತಡೆಯುವವರು ಯಾರೂ ಇಲ್ಲ. ಹೀಗಿರುವಾಗ ಶಾಲೆಯ ಗಡಿಯ ಬಗ್ಗೆ ಮಾತನಾಡಲು ಏನಿದೆ ಎಂದು ತಾವು ಕೇಳಬಹುದು.

ಕಾಗದದಲ್ಲಿ ಇಲ್ಲದ ಗೆರೆ ನೆಲದ ಮೇಲೆ ಇದೆ ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು. ಆ ಗೆರೆಯನ್ನು ಎಳೆಯುತ್ತಿರುವುದು ಶಾಲಾ ವ್ಯಾನುಗಳ ದಾರಿ, ಜೂನ್ ತಿಂಗಳ ತಲೆ ಎಣಿಕೆ, ಮತ್ತು ಕನ್ನಡ ಮಾಧ್ಯಮ ಯಾವ ತರಗತಿಗೆ ಎಲ್ಲಿ ನಿಂತುಹೋಗುತ್ತದೆ ಎಂಬ ಸಂಗತಿ. ಇವುಗಳಲ್ಲಿ ಒಂದನ್ನೂ ಯಾರೂ ಕೂತು ಯೋಚಿಸಿ ತೀರ್ಮಾನಿಸಿದ್ದಲ್ಲ. ಆದರೆ ಕನ್ನಡದಲ್ಲಿ ಕಲಿಯಬಯಸುವ ಮಗುವಿನ ಮಟ್ಟಿಗೆ ಇವು ಯಾವ ಸರಕಾರಿ ಆದೇಶಕ್ಕಿಂತಲೂ ಗಟ್ಟಿಯಾಗಿ ನಿಂತಿವೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರ ನವೆಂಬರ್ 1ರ ತನಕ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದಿನ ಪ್ರಾಥಮಿಕ ಶಾಲೆಗಳಲ್ಲಿ ಕೆಲವು ಸ್ಥಳೀಯ ಆಡಳಿತ ನಡೆಸುತ್ತಿದ್ದ ಬೋರ್ಡು ಶಾಲೆಗಳು, ಇನ್ನು ಕೆಲವು ಊರಿನ ಹಿರಿಯರೋ ಮಿಷನಿನವರೋ ತೊಡಗಿಸಿ ಸರಕಾರದ ಅನುದಾನ ಪಡೆದವು. ಗುಡ್ಡದ ಬುಡದಲ್ಲಿ ಒಂದು ಶಾಲೆ, ನಡೆದು ಬರುವ ಮಕ್ಕಳು: ಊರಿಗೊಂದು ಶಾಲೆಯೆಂಬುದು ನಿಯಮವಾಗಿ ಬಂದುದಲ್ಲ, ಬೇರೆ ದಾರಿ ಇಲ್ಲದ್ದರಿಂದ ಆದದ್ದು. ತಾಲೂಕು ಕೇರಳಕ್ಕೆ ಸೇರಿದ ಮೇಲೆ 1958ರ ಕೇರಳ ಶಿಕ್ಷಣ ಕಾಯ್ದೆ ಮತ್ತು ಅದರಡಿಯ ನಿಯಮಗಳು ಈ ಶಾಲೆಗಳಿಗೆ ಅನ್ವಯವಾದವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ರಾಜ್ಯದ ಗಡಿಯ ಚರ್ಚೆಯಲ್ಲಿ ನಮ್ಮ ಹಿರಿಯರು ಎಷ್ಟು ಶಕ್ತಿ ವ್ಯಯಿಸಿದರೋ ಅದರ ಕಾಲಂಶವನ್ನಾದರೂ ಶಾಲೆಯ ಗಡಿಗೆ ಕೊಟ್ಟಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸುವುದುಂಟು. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಆಗ ಶಾಲೆಗಳಲ್ಲಿ ಮಕ್ಕಳು ತುಂಬಿದ್ದರು.

ಕಾನೂನು ಹತ್ತಿರದ ಶಾಲೆಯ ಬಗ್ಗೆ ಸ್ಪಷ್ಟವಾಗಿ ಮಾತನಾಡತೊಡಗಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. ಆಸುಪಾಸಿನ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯಬೇಕೆಂಬ ವಿಚಾರವನ್ನು ಕೊಠಾರಿ ಆಯೋಗ 1966ರಲ್ಲೇ ಮುಂದಿಟ್ಟಿತ್ತು. ಕಾಯ್ದೆ ಅಷ್ಟು ದೂರ ಹೋಗಲಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇರಬೇಕೆಂದಿತು. ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟರವರಿಗೆ 3 ಕಿಲೋಮೀಟರಿನೊಳಗೆ ಶಾಲೆ ಬೇಕು. ಇದು ಸರಕಾರದ ಮೇಲಿರುವ ಹೊಣೆಯೇ ಹೊರತು ಮಗುವಿನ ಮೇಲಿರುವ ನಿರ್ಬಂಧವಲ್ಲ. ಹಳ್ಳಿಗಾಡಿನ ಜಿಲ್ಲೆಗೆ ಇದು ಬಹಳ ಒಳ್ಳೆಯ ನಿಯಮವೆಂದೇ ನಾನು ತಿಳಿದಿದ್ದೇನೆ. ಆದರೆ ಕಿಲೋಮೀಟರು ಅಳೆಯುವಾಗ ಎರಡು ವಿಷಯಗಳು ಬಿಟ್ಟುಹೋಗುತ್ತವೆ. ಮೊದಲನೆಯದು ನಮ್ಮ ನೆಲದ ಸ್ವರೂಪ. ನಕ್ಷೆಯಲ್ಲಿ ಒಂದು ಕಿಲೋಮೀಟರು ಕಾಣುವ ಶಾಲೆಗೂ ಮನೆಗೂ ನಡುವೆ ತೋಡು ಇದ್ದರೆ, ಅಡಿಕೆ ಮರದ ಸಂಕ ಮಳೆಗಾಲದಲ್ಲಿ ಕೊಚ್ಚಿಹೋದ ದಿನ ಅದು ಸುತ್ತುಬಳಸಿನ ದಾರಿಯಾಗುತ್ತದೆ. ನೆರೆ, ಗುಡ್ಡ ಜರಿತ, ರಸ್ತೆಯಿಲ್ಲದಿರುವುದು ಇವನ್ನೆಲ್ಲ ಗಮನಿಸಿ ಈ ದೂರವನ್ನು ಕಡಿಮೆ ಮಾಡಬೇಕೆಂದೂ ಶಾಲೆ ಇಲ್ಲದ ಕಡೆ ವಾಹನದ ವ್ಯವಸ್ಥೆ ಮಾಡಬೇಕೆಂದೂ ಕೇಂದ್ರದ ಮಾದರಿ ನಿಯಮಗಳಲ್ಲೇ ಇದೆ. ಎರಡನೆಯದು ಮಾಧ್ಯಮ. ಹತ್ತಿರ ಒಂದು ಶಾಲೆ ಇದೆಯೇ ಎಂದು ನಿಯಮ ನೋಡುತ್ತದೆ; ಆ ಶಾಲೆಯಲ್ಲಿ ಮಗುವಿನ ಮಾಧ್ಯಮದ ತರಗತಿ ಇದೆಯೇ ಎಂದು ದೂರದ ಲೆಕ್ಕದಲ್ಲಿ ನೋಡುವುದಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧಿಸಬೇಕೆಂಬ ಮಾತು ಅದೇ ಕಾಯ್ದೆಯ 29ನೇ ಸೆಕ್ಷನಿನಲ್ಲಿ ಬೇರೆಯಾಗಿ ಕೂತಿದೆ. ಈ ಎರಡನ್ನು ಕೂಡಿಸಿ ಓದಿದವರು ಕಡಿಮೆ.

ಎಣ್ಮಕಜೆಯದೋ ಬೆಳ್ಳೂರಿನದೋ ಒಳಭಾಗದ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಗು ಊರಿನ ಎಲ್.ಪಿ. ಶಾಲೆಯ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿ ಮುಗಿಸಿದೆ. ಕೇರಳದಲ್ಲಿ ಎಲ್.ಪಿ. ಎಂದರೆ ನಾಲ್ಕರ ತನಕ, ಯು.ಪಿ. ಎಂದರೆ ಐದರಿಂದ ಏಳು, ಎಂಟರಿಂದ ಹೈಸ್ಕೂಲು. ಕಾಯ್ದೆಯ ಒಂದರಿಂದ ಐದು, ಆರರಿಂದ ಎಂಟು ಎಂಬ ವಿಂಗಡಣೆಗೂ ಇದಕ್ಕೂ ಹೊಂದಿಕೆಯಿಲ್ಲ. ಹಾಗಾಗಿ ಮಗು ಕಾಯ್ದೆಯ ಪ್ರಕಾರ ಇನ್ನೂ 1 ಕಿಲೋಮೀಟರಿನ ಹಕ್ಕುಳ್ಳ ಐದನೇ ತರಗತಿಗೆ ಬರುವಾಗಲೇ ಶಾಲೆ ಬದಲಾಯಿಸಬೇಕಾಗುತ್ತದೆ. ಹತ್ತಿರದ ಯು.ಪಿ. ಶಾಲೆಯಲ್ಲಿ ಉಳಿದಿರುವುದು ಮಲಯಾಳದ ಡಿವಿಷನ್, ಅಂದರೆ ತರಗತಿಯ ವಿಭಾಗ, ಮಾತ್ರ. ಕನ್ನಡ ಡಿವಿಷನ್ ಇರುವ ಶಾಲೆಗೆ ಬಸ್ಸು ಹಿಡಿಯಬೇಕು. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಇನ್ನೊಂದು ಕಡೆ, ದೂರದ ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನು ಮನೆಯ ತಡಮೆಯ ತನಕ ಬಂದು ಹಾರ್ನು ಹಾಕುತ್ತದೆ. ತಾಯಿ ಬೀಡಿ ಕಟ್ಟುವವರು, ತಂದೆ ತೋಟದ ಕೆಲಸದವರು ಎಂದಿಟ್ಟುಕೊಳ್ಳಿ. ಜುಲಾಯಿಯ ಮಳೆಯಲ್ಲಿ ಹತ್ತು ವರ್ಷದ ಹುಡುಗಿಯನ್ನು ಬಸ್ಸು ನಿಲ್ದಾಣಕ್ಕೆ ಬಿಟ್ಟು ಬರುವವರು ಯಾರು? ಆ ಮನೆಯವರು ಇಂಗ್ಲಿಷಿನ ಮೋಹಕ್ಕೆ ಬಿದ್ದರೆಂದು ಸಭೆಗಳಲ್ಲಿ ಹೇಳುವುದು ಸುಲಭ. ಅವರು ಆರಿಸಿಕೊಂಡದ್ದು ವ್ಯಾನನ್ನು. ಮಾಧ್ಯಮ ಅದರ ಜೊತೆಗೆ ಬಂತು.

ಈ ಕಾರಣಕ್ಕೇ ಅನುದಾನಿತ ಶಾಲೆಗಳೂ ಸರಕಾರಿ ಶಾಲೆಗಳೂ ಈಗ ವ್ಯಾನು ಇಟ್ಟಿವೆ. ಶಾಸಕರ ನಿಧಿಯಿಂದ ಬಸ್ಸು ಸಿಕ್ಕಿದ ಶಾಲೆಗಳೂ ಇವೆ. ಬಸ್ಸು ಸಿಗುವುದು ಒಂದು ದಿನದ ಕಾರ್ಯಕ್ರಮ. ಡೀಸೆಲು, ಚಾಲಕನ ಸಂಬಳ, ವಿಮೆ, ಟಯರು ಇವು ಪ್ರತಿ ತಿಂಗಳ ಖರ್ಚು. ಅದನ್ನು ಪಿ.ಟಿ.ಎ. (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಮತ್ತು ಅಧ್ಯಾಪಕರು ತಮ್ಮ ಕೈಯಿಂದ ಹಾಕುತ್ತಾರೆಂಬುದು ಇಲ್ಲಿ ಕೂತಿರುವ ಅನೇಕರಿಗೆ ಹೊಸ ಸುದ್ದಿಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಧ್ಯಾಪಕರು ಕೊಡೆ, ಚೀಲ, ಪುಸ್ತಕಗಳ ಭರವಸೆಯೊಂದಿಗೆ ಮನೆ ಮನೆ ತಿರುಗುತ್ತಾರೆ. ಒಂದೇ ಅಂಗಳಕ್ಕೆ ಬೆಳಗ್ಗೆ ಒಂದು ಶಾಲೆಯವರು, ಮಧ್ಯಾಹ್ನ ಇನ್ನೊಂದು ಶಾಲೆಯವರು ಬಂದು ಹೋಗುವುದೂ ಇದೆ.

ಇದರ ಹಿಂದಿರುವುದು ಹುದ್ದೆಯ ಲೆಕ್ಕ. ಶಾಲೆ ತೆರೆದ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆಂಬುದರ ಮೇಲೆ ಆ ವರ್ಷದ ಅಧ್ಯಾಪಕರ ಹುದ್ದೆಗಳು ನಿರ್ಧಾರವಾಗುತ್ತವೆ. ಕಾಯ್ದೆಯ ಪ್ರಮಾಣ ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 35ಕ್ಕೆ ಒಬ್ಬರು. ಹಾಗಾಗಿ 31ನೇ ಮಗುವಿಗೆ ಇನ್ನಿಲ್ಲದ ಬೆಲೆ. ಒಬ್ಬ ಅಧ್ಯಾಪಕರ ನೌಕರಿ ಆ ಮಗುವಿನ ಹಾಜರಿಯ ಮೇಲೆ ನಿಂತಿರಬಹುದು. ಒಂದು ಡಿವಿಷನ್ ಬಿತ್ತೆಂದರೆ ಹುದ್ದೆ ಹೋಯಿತು, ಹುದ್ದೆ ಹೋದರೆ ಮರುವರ್ಷ ಆ ತರಗತಿಗೆ ಮಕ್ಕಳನ್ನು ಕಳುಹಿಸಲು ಹೆತ್ತವರು ಹಿಂಜರಿಯುತ್ತಾರೆ. ಎರಡು ಮಾಧ್ಯಮಗಳಿರುವ ಶಾಲೆಯಲ್ಲಂತೂ ಇದು ಒಂದೇ ಮಾಡಿನ ಕೆಳಗೆ ನಡೆಯುತ್ತದೆ. ಕನ್ನಡ ಡಿವಿಷನಿನಿಂದ ನಾಲ್ಕು ಮಕ್ಕಳು ಜಗಲಿ ದಾಟಿ ಎದುರಿನ ಮಲಯಾಳ ಡಿವಿಷನಿಗೋ ಇಂಗ್ಲಿಷ್ ಸಮಾಂತರ ಡಿವಿಷನಿಗೋ ಹೋದರೆ ಶಾಲೆಯ ಒಟ್ಟು ಲೆಕ್ಕದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ, ವರದಿಯಲ್ಲೂ ಕಾಣುವುದಿಲ್ಲ. ಕನ್ನಡದ ಮಟ್ಟಿಗೆ ಮಾತ್ರ ಅಲ್ಲಿ ಒಂದು ಊರಿನ ಬಾಗಿಲು ಮುಚ್ಚಿರುತ್ತದೆ.

ಹಾಗಾದರೆ ಮಕ್ಕಳನ್ನು ಗೆರೆಯೊಳಗೆ ಕಟ್ಟಿಹಾಕಬೇಕೇ? ಬೇಡವೆಂದೇ ನನ್ನ ಅಭಿಪ್ರಾಯ, ಮತ್ತು ಅದು ಸಾಧ್ಯವೂ ಇಲ್ಲ. ಒಂದರಿಂದ ನಾಲ್ಕನೇ ತರಗತಿಯ ತನಕ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧಿಸಬೇಕೆಂಬ ಕರ್ನಾಟಕದ 1994ರ ಆದೇಶದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ನೀಡಿ, ಮಾಧ್ಯಮವನ್ನು ಆರಿಸುವ ಹಕ್ಕು ಹೆತ್ತವರದೆಂದು ಹೇಳಿತು. ಕರ್ನಾಟಕದಲ್ಲಿ ಈ ತೀರ್ಪನ್ನು ಕನ್ನಡಕ್ಕಾದ ಪೆಟ್ಟು ಎಂದು ಬಗೆದವರೇ ಹೆಚ್ಚು. ಗಡಿನಾಡಿನಲ್ಲಿ ನಿಂತು ನೋಡುವವರಿಗೆ ಅದರ ಇನ್ನೊಂದು ಮಗ್ಗುಲು ಕಾಣಬೇಕು: ಹೆತ್ತವರ ಆಯ್ಕೆಗೆ ಮನ್ನಣೆಯಿದ್ದರೆ, ಕನ್ನಡವನ್ನು ಆರಿಸಿದ ಹೆತ್ತವರ ಆಯ್ಕೆಗೂ ಅದೇ ಮನ್ನಣೆ ಸಿಗಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಅದಕ್ಕೂ ಮೊದಲೇ, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಅಳತೆಯನ್ನು ಒಪ್ಪಿಕೊಂಡಿತ್ತು: ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಅಧ್ಯಾಪಕರನ್ನು ಕೊಡಬೇಕು. ಹತ್ತು ಮಕ್ಕಳಿದ್ದರೂ ಅವರು ಮೂರು ಶಾಲೆಗಳಲ್ಲಿ ಚದುರಿಹೋಗಿದ್ದರೆ ಈ ಅಳತೆ ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ. ನಮ್ಮಲ್ಲಿ ಆಗುತ್ತಿರುವುದು ಇದೇ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕನ್ನಡ ಮಾಧ್ಯಮದ ತರಗತಿಯಲ್ಲಿ ಕೂತ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮಾತಾಡುವ ಮನೆಗಳ ಮಕ್ಕಳು ಅಲ್ಲಿದ್ದಾರೆ. ಕೊರಗ ಕಾಲೊನಿಯ ಮಕ್ಕಳಿದ್ದಾರೆ. ತಲೆಮಾರುಗಳಿಂದ ಈ ಮನೆಗಳು ಕನ್ನಡವನ್ನು ಕಲಿಕೆಯ ಭಾಷೆಯಾಗಿ ಆರಿಸಿಕೊಂಡು ಬಂದಿವೆ. ಹೀಗಾಗಿ ಅಧಿಕಾರಿಗಳು ಜನಗಣತಿಯ ಮಾತೃಭಾಷೆಯ ಕಾಲಮನ್ನು ನೋಡಿ ಕನ್ನಡ ಡಿವಿಷನಿನ ಅಗತ್ಯವನ್ನು ಲೆಕ್ಕ ಹಾಕಿದರೆ ಆ ಲೆಕ್ಕ ಖಂಡಿತ ತಪ್ಪುತ್ತದೆ. ಕೇಳಬೇಕಾದುದು ಹೆತ್ತವರನ್ನೇ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸುವ ವಿಷಯದಲ್ಲಿ ಈ ಜಿಲ್ಲೆಯಲ್ಲಿ ಎಷ್ಟೋ ಪ್ರತಿಭಟನೆಗಳು ಆಗಿವೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಂಥ ಒಂದು ನೇಮಕವಾದ ವರ್ಷ ಗಣಿತ ಅರ್ಥವಾಗದ ಮಗುವಿನ ಹೆತ್ತವರು ಟಿ.ಸಿ. ತೆಗೆದುಕೊಳ್ಳುತ್ತಾರೆ, ಮತ್ತು ಮುಂದಿನ ಎಣಿಕೆಯಲ್ಲಿ ಆ ಡಿವಿಷನಿಗೆ ಬೇಡಿಕೆ ಇಲ್ಲವೆಂದು ದಾಖಲಾಗುತ್ತದೆ ಎಂಬುದಷ್ಟೇ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು.

ರಾಜ್ಯದ ಗಡಿಯನ್ನೂ ಮರೆಯುವಂತಿಲ್ಲ. ತಲಪಾಡಿ, ಅಡ್ಯನಡ್ಕ, ಜಾಲ್ಸೂರು ಕಡೆಗಳಿಗೆ ಹತ್ತಿರವಿರುವ ನಮ್ಮ ಮನೆಗಳಿಗೆ ಆಚೆ ಬದಿಯ ಶಾಲೆಯೇ ಎಷ್ಟೋ ಸಲ ಸಮೀಪ. ಪದವಿಪೂರ್ವ ತರಗತಿಗೆ, ಕಾಲೇಜಿಗೆ ಮಂಗಳೂರು, ಪುತ್ತೂರು, ಸುಳ್ಯಕ್ಕೆ ಹೋಗುವುದು ಹಳೆಯ ರೂಢಿ, ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವೂ ಇದೆ. ಆದರೆ 2020ರ ಮಾರ್ಚಿನಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಕಂಡವರು ಸಣ್ಣ ಮಗುವಿನ ಶಾಲೆಯನ್ನು ಆ ದಾರಿಗೆ ನೆಚ್ಚಿಕೊಳ್ಳುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಹತ್ತನೇ ತರಗತಿಯ ತನಕದ ದಾರಿ ಈಚೆ ಬದಿಯಲ್ಲೇ ಗಟ್ಟಿಯಾಗಬೇಕು.

ಮಾಡಬಹುದಾದುದು ಏನು? ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದ ತನಕದ ಮಕ್ಕಳ ದಾಖಲೆಯನ್ನು ಸ್ಥಳೀಯ ಸಂಸ್ಥೆ ಇಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಹೊಣೆ ಗ್ರಾಮ ಪಂಚಾಯತಿನದು, ಹೈಸ್ಕೂಲುಗಳದು ಜಿಲ್ಲಾ ಪಂಚಾಯತಿನದು. ಆ ದಾಖಲೆಯಲ್ಲಿ ಒಂದು ಅಂಕಣ ಹೆಚ್ಚಿಸಿ, ಮಗುವನ್ನು ಯಾವ ಮಾಧ್ಯಮದಲ್ಲಿ ಓದಿಸಲು ಬಯಸುತ್ತೀರಿ ಎಂದು ಅಂಗನವಾಡಿಯ ಮಟ್ಟದಲ್ಲೇ, ಜನವರಿ, ಫೆಬ್ರವರಿಯಲ್ಲೇ ಕೇಳಿ ಬರೆದಿಡಬಹುದು. ಭಾಷಾ ಅಲ್ಪಸಂಖ್ಯಾತ ಮಕ್ಕಳ ಹೆಸರನ್ನು ಮುಂಗಡವಾಗಿ ದಾಖಲಿಸುವ ರಿಜಿಸ್ಟರಿನ ಕಲ್ಪನೆ ಹೊಸದೇನಲ್ಲ, ಹಳೆಯ ಭಾಷಾ ರಕ್ಷಣಾ ಒಪ್ಪಂದಗಳಲ್ಲೇ ಇದೆ. ಆ ಪಟ್ಟಿ ಕೈಯಲ್ಲಿದ್ದರೆ ಯಾವ ಎಲ್.ಪಿ. ಶಾಲೆಯ ಮಕ್ಕಳು ಯಾವ ಯು.ಪಿ.ಗೆ, ಅಲ್ಲಿಂದ ಯಾವ ಹೈಸ್ಕೂಲಿಗೆ ಕನ್ನಡದಲ್ಲೇ ಮುಂದುವರಿಯಬಹುದೆಂದು ಪಂಚಾಯತು ಮೊದಲೇ ಗುರುತಿಸಿ ಹೆತ್ತವರಿಗೆ ತಿಳಿಸಬಹುದು. ಹೋಗಲೇಬೇಕೆಂಬ ಕಡ್ಡಾಯ ಬೇಡ. ಹೋಗುವವರಿಗೆ ತರಗತಿ ಮತ್ತು ವಾಹನ ಇರುತ್ತದೆಂಬ ಖಾತರಿ ಸಾಕು.

ವಾಹನದ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಒಂದೇ ದಾರಿಯಲ್ಲಿ ಮೂರು ಶಾಲೆಗಳ ಮೂರು ವ್ಯಾನುಗಳು ಅರ್ಧ ಖಾಲಿಯಾಗಿ ಓಡುವುದನ್ನು ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಬೆಳಗ್ಗೆ ಎಂಟೂವರೆಗೆ ನಿಂತು ನೋಡಬಹುದು. ಅವುಗಳನ್ನು ಕೂಡಿಸಿ ದಾರಿ ಹಂಚಿಕೊಂಡರೆ ಖರ್ಚು ಇಳಿಯುತ್ತದೆ, ಒಳಗಿನ ಊರುಗಳಿಗೂ ವಾಹನ ತಲಪುತ್ತದೆ. ಆದರೆ ಅನುದಾನಿತ ಶಾಲೆಯ ಮ್ಯಾನೇಜರು ಇನ್ನೊಂದು ಶಾಲೆಯ ಮಕ್ಕಳನ್ನು ತನ್ನ ವ್ಯಾನಿಗೆ ಹತ್ತಿಸಲು ಒಪ್ಪುವುದು ಸುಲಭವಲ್ಲ. ವ್ಯಾನು ಬರುವುದೇ ಆ 31ನೇ ಮಗುವಿಗಾಗಿ. ಎಣಿಕೆಯ ದಿನಕ್ಕೆ ಮೊದಲೇ ಮಾಧ್ಯಮವಾರು ಪಟ್ಟಿ ಸಿದ್ಧವಾಗಿ, ಕನ್ನಡ ಡಿವಿಷನಿನ ಹುದ್ದೆ ಆ ಪಟ್ಟಿಯ ಆಧಾರದಲ್ಲಿ ಕೆಲವು ವರ್ಷಗಳಿಗೆ ಸ್ಥಿರವಾದರೆ ಈ ಹಟ ಸಡಿಲವಾದೀತು. ಅದಕ್ಕೆ ತಿರುವನಂತಪುರದಿಂದ ಆದೇಶ ಬೇಕು, ಅದು ನಾಳೆ ಬರುವಂಥದ್ದಲ್ಲ. ಪಟ್ಟಿ ಮಾಡಲು ಆದೇಶ ಬೇಕಾಗಿಲ್ಲ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವಂತೆ ಇಲ್ಲಿರುವ ಸದಸ್ಯರನ್ನು ಕೇಳಿಕೊಳ್ಳುತ್ತೇನೆ. ಉಪಜಿಲ್ಲಾ ಶಿಕ್ಷಣಾಧಿಕಾರಿಯವರನ್ನೂ ಆಸುಪಾಸಿನ ಮ್ಯಾನೇಜರುಗಳನ್ನೂ ಅದೇ ಸಭೆಗೆ ಕರೆಯಬೇಕು.